ಯೋಗಾನಂದನ ಕೂಗಿನ ಆರ್ಡರ್

ಯೋಗಾನಂದನಿಗೆ ಮೈಯೆಲ್ಲ ಉರಿಯುತ್ತಿತ್ತು. ಪಿಯುಸಿ ಓದುವ ಮಗಳು ದೀಪಶ್ರೀಗೆ ಅವನೇ ಹೇಳಿಕೊಟ್ಟ ಕೆಮಿಸ್ಟ್ರಿ ಉತ್ತರಕ್ಕೆ ಲೆಕ್ಚರರು ಪುಟ್ಟಸ್ವಾಮಿ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದಿದ್ದರು. ಬಾಳ್ಳುಪೇಟೆಯ ಸುತ್ತಮುತ್ತ ಬಿ.ಎಸ್ಸಿ. ಓದಿ ಕಾಫಿ ತೋಟ ಮಾಡುತ್ತಿರುವ ಏಕೈಕ ಮಹಾಪುರುಷ ತಾನೆಂದು ಅವನು ನಂಬಿದ್ದ. (ಎಷ್ಟನೇ ಸಲಕ್ಕೆ ಪಾಸಾದದ್ದು ಎಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.)

"ಈಕ್ವೇಷನ್ನಲ್ಲಿ ಪದಾರ್ಥದ ಮುಂದೆ ಎರಡು ಅಂತ ಐತೆ. ಹಂಗಾದ್ರೆ ಕ್ರಿಯೆಯ ಆರ್ಡರ್ರೂ ಎರಡು! ಇದ್ರಲ್ಲಿ ತಪ್ಪೇನೈತೆ?"

"ಪದಾರ್ಥ ಹೆಚ್ಚಿದ್ರೆ ವೇಗ ಎಷ್ಟು ಹೆಚ್ಚುತ್ತೆ ಅನ್ನೋದೇ ಆರ್ಡರ್. ಅದನ್ನ ಈಕ್ವೇಷನ್ ನೋಡಿ ಹೇಳೋಕಾಗಲ್ಲ ಕಣಪ್ಪ. ಒಂದೊಂದೇ ಪದಾರ್ಥ ಹೆಚ್ಚು ಮಾಡಿ, ಕ್ರಿಯೆಯ ವೇಗ ಏನಾಗುತ್ತೆ ಅಂತ ಮಾಡೇ ನೋಡ್ಬೇಕಂತೆ. ಡಬಲ್ ಮಾಡ್ದಾಗ ವೇಗವೂ ಡಬಲ್ ಆದ್ರೆ ಆರ್ಡರ್ ಒಂದು. ಎಷ್ಟು ಸುರಿದ್ರೂ ವೇಗ ಅಲ್ಲೇ ಇದ್ರೆ ಸೊನ್ನೆ."

"ಸೊನ್ನೆಯಂತೆ ಸೊನ್ನೆ! ಒಳಗೆ ಹಾಕಿದ್ಮೇಲೂ ಸುಮ್ನೆ ಕೂರೋಕೆ ಅದೇನು ನೆಂಟರ ಮನೆಗೆ ಬಂದೈತಾ? ಈಗ್ಲೇ ಸಕಲೇಶಪುರದ ನಿಮ್ಮ ಕಾಲೇಜಿಗೆ ಬಂದು, ಆ ಪುಟ್ಟಸ್ವಾಮೀನ ಕ್ಲಾಸಲ್ಲೇ ನಿಲ್ಲಿಸಿ ಕೇಳ್ತೀನಿ!"

ದೀಪಶ್ರೀಯ ಕಣ್ಣು ತುಂಬಿತು. "ದಮ್ಮಯ್ಯ ಅಪ್ಪ, ಬರಬ್ಯಾಡ. ಆಮೇಲೆ ನಾನು ಕಾಲೇಜಿಗೆ ಹೆಂಗೆ ಹೋಗ್ಲಿ?"

ಬಸ್ಸಿಗೆ ಹೊತ್ತಾಗುತ್ತಿತ್ತು. ಜಗಳಕ್ಕೆ ಹೊರಡುವವನಿಗೆ ಹೊಟ್ಟೆಗೆ ಬಿಸಿ ಬೇಕಲ್ಲ! "ರಾಜೀ, ಕಾಫಿ!" ಎಂದು ಹೆಂಡತಿಗೆ ಕೂಗಿದ. ಬರಲಿಲ್ಲ. ಇನ್ನೂ ಜೋರಾಗಿ ಕೂಗಿದ. ಆಗಲೂ ಬರಲಿಲ್ಲ. ಮೂರನೆಯ ಕೂಗಿಗೆ ಪಕ್ಕದ ಮನೆಯ ತಾಯಮ್ಮ ಓಡಿಬಂದು, "ಯಾರಿಗೇನಾಯ್ತು?" ಎಂದು ವಿಚಾರಿಸಿ ಹೋದಳು. ಕಾಫಿ ಮಾತ್ರ ಬರಲಿಲ್ಲ.

ಬಂದವಳು ರಾಜಲಕ್ಷ್ಮಿ. ಕೈಯಲ್ಲಿ ಊದುಗೊಳವೆ, ಹೊಗೆಗೆ ಕೆಂಪಾದ ಕಣ್ಣು.

"ನೀವು ಒಂದ್ಸಲ ಕೂಗಿದ್ರೂ ಆ ನೀರು ಅಷ್ಟೊತ್ತಿಗೇ ಕುದಿಯೋದು, ಗಂಟಲು ಹರ್ಕೊಂಡ್ರೂ ಅಷ್ಟೊತ್ತಿಗೇ! ಗ್ಯಾಸ್ ಮುಗಿದೈತೆ, ತೋಟದಲ್ಲಿ ಕಿತ್ತಾಕಿದ ಕಾಫಿ ಗಿಡದ ಬೊಡ್ಡೆ ಸೌದೆಗೆ ಒಡ್ಕೊಡಿ ಅಂತ ನಾನು ಬಡ್ಕೊಂಡಿದ್ದು ಕಿವಿಗೆ ಬಿತ್ತಾ? ಹಸಿ ಪುರಲೆ ಕಡ್ಡಿ ಊದಿ ಊದಿ ನನ್ನ ಉಸಿರೇ ಹೋಗ್ಬುಟ್ಟೈತೆ!"

ದೀಪಶ್ರೀ ಕಣ್ಣೊರೆಸಿಕೊಂಡಳು. "ಅಪ್ಪ, ಇದೇ ಕಣಪ್ಪ! ನಿನ್ನ ಕೂಗಿನ ಆರ್ಡರ್ ಸೊನ್ನೆ."

"ಬಾಯ್ಮುಚ್ಚೇ!"

"ಮಾಡೇ ನೋಡಾಣ. ಕೂಗೋದು ಬಿಟ್ಟು ಸೌದೆ ಒಡ್ಕೊಡು. ಅದನ್ನ ಹಾಕಿದ್ಮೇಲೂ ಕಾಫಿ ಬೇಗ ಬರ್ಲಿಲ್ಲ ಅಂದ್ರೆ ನಾನೇ ನಿನ್ನ ಕಾಲೇಜಿಗೆ ಕರ್ಕೊಂಡು ಹೋಗ್ತೀನಿ."

ಪುಟ್ಟಸ್ವಾಮಿಯ ಮೇಲಿನ ಸಿಟ್ಟನ್ನೆಲ್ಲ ಯೋಗಾನಂದ ಕೊಡಲಿಗೆ ಹಾಕಿದ. ಕಾಫಿ ಬೊಡ್ಡೆ ಕಲ್ಲಿನಷ್ಟು ಗಟ್ಟಿ. ಲೆಕ್ಚರರ ಹೆಸರು ಹೇಳಿ ಹೇಳಿ ಒಡೆದ. ಒಣಸೌದೆ ಬಿದ್ದದ್ದೇ ತಡ, ಒಲೆ ಧಗಧಗನೆ ಹೊತ್ತಿಕೊಂಡಿತು. ಅವನು ಬೆವರೊರೆಸಿಕೊಳ್ಳುವುದರೊಳಗೆ ಕಾಫಿ ಬಂತು. ಈ ಸಲ ಕಾಫಿಗೆಂದು ಅವನು ಒಮ್ಮೆಯೂ ಕೂಗಿರಲಿಲ್ಲ.

"ಸರಿಯಾಗ್ ಹೇಳವ್ರೆ ಬಿಡು ನಿಮ್ಮ ಮೇಷ್ಟ್ರು," ಎಂದು ಲೋಟದೊಳಗೇ ಗೊಣಗಿದ. ದೀಪಶ್ರೀ ಚೀಲ ಎತ್ತಿಕೊಂಡು ಬಸ್ಸಿಗೆ ಒಬ್ಬಳೇ ಓಡಿದಳು.

ಯೋಗಾನಂದ ಕೊಡಲಿಯನ್ನು ಗೋಡೆಗೆ ಒರಗಿಸಲು ಹೋದ. ಒಳಗಿನಿಂದ ರಾಜಲಕ್ಷ್ಮಿಯ ದನಿ ಬಂತು:

"ಒಂದೇ ಸಲಕ್ಕೆ ಹೆಂಗ್ರೀ ನಂಬೋದು? ಬಚ್ಚಲೊಲೆಗೂ ಒಂದು ರಾಶಿ ಒಡೀರಿ, ಇನ್ನೊಂದು ಸಲ ಮಾಡಿ ನೋಡಾಣ!"