ಬದನೆಬಣ್ಣದ ಗ್ರೈಂಡರಿನ ಪ್ರಾಣರಕ್ಷಣ ಪರ್ವ

ಎಲೈ ಉಗ್ರಾಣಾಧಿದೇವತೆಯೇ, ಒಳಬಂದದ್ದನ್ನೂ ಹೊರಹೋದದ್ದನ್ನೂ ಬಲ್ಲವಳೇ, ಇಲಿಗೂ ಇನ್ಸ್‌ಪೆಕ್ಟರಿಗೂ ಸಮಾನವಾಗಿ ಬಾಗಿಲು ತೆರೆದವಳೇ, ನನ್ನ ನಾಲಗೆಯ ಮೇಲೆ ನಿಲ್ಲು. ಅಲ್ಲಿ ಜಾಗ ಸಾಲದಿದ್ದರೆ ಪಕ್ಕದ ಪೆಟ್ಟಿಗೆಯ ಮೇಲಾದರೂ ಕೂತುಕೋ. ಸರಕೆಲ್ಲ ಕಂಪ್ಯೂಟರಿನಲ್ಲಿ ಇದ್ದೇ ಇದ್ದು, ಕಪಾಟಿನಲ್ಲಿ ಇರಲೂಬಹುದಾದ ಈ ಯುಗದಲ್ಲಿ, ಹುಬ್ಬಳ್ಳಿಯ ಅಡುಗೆಯಂತ್ರಗಳ ಗೋದಾಮೊಂದನ್ನು ಆಳುತ್ತಿದ್ದ ಸ್ಟೋರ್‌ಕೀಪರ್, ಬೀಗದಕೈಗೊಂಚಲಝಣತ್ಕಾರಭೀಷಣ, ಕಿವಿಗೆ ಸಿಕ್ಕಿಸಿದ ಪೆನ್ನನ್ನೇ ಕಿರೀಟದ ಗರಿಯಾಗಿ ಧರಿಸಿದ ಚನ್ನವೀರಪ್ಪ ಹಂಚಿನಾಳನ ಪರಾಕ್ರಮವನ್ನು ಹಾಡುತ್ತೇನೆ.

ಆ ರಾಜ್ಯದಲ್ಲೊಂದು ಪದ್ಧತಿ. ವರ್ಷಗಟ್ಟಲೆ ಮಾರಾಟವಾಗದೆ ಕೂತ ಸರಕಿಗೆ 'ಡೆಡ್ ಸ್ಟಾಕ್' ಎಂಬ ಕೆಂಪು ಚೀಟಿ ಅಂಟಿಸಿ ಗುಜರಿಗೆ ಅಟ್ಟುತ್ತಾರೆ. ಅಂಥ ಚೀಟಿ ಒಂದೂ ಬೀಳದ ಗೋದಾಮಿನ ಸ್ಟೋರ್‌ಕೀಪರಿಗೆ ಆಯುಧಪೂಜೆಯ ದಿನ ಯಜಮಾನರೇ ಶಾಲು ಹೊದಿಸುತ್ತಾರೆ. ಚನ್ನವೀರಪ್ಪ ಪ್ರತಿವರ್ಷವೂ ಹೊದ್ದವನು. ಈ ಸಲ ಅವನಿಗೂ ಶಾಲಿಗೂ ನಡುವೆ ಮಂದರಪರ್ವತದಂತೆ ನಿಂತದ್ದು ಒಂದೇ ಒಂದು ವೆಟ್ ಗ್ರೈಂಡರ್. ಬಣ್ಣ ಬದನೆಕಾಯಿಯದು, ಅದಕ್ಕೇ ಯಾರೂ ಕೊಂಡಿರಲಿಲ್ಲ.

ದಾಸ್ತಾನು ತಪಾಸಣೆಯ ಬೆಳಿಗ್ಗೆ ಹೆಡ್ ಆಫೀಸಿನಿಂದ ಪ್ರಭಾವತಿ ಕಟ್ಟಿ ಆಗಮಿಸಿದಳು: ಮೂಗಿನ ತುದಿಗಿಳಿದ ಕನ್ನಡಕದ ಮೇಲಿಂದಲೇ ವೈರಿಗಳನ್ನು ಸುಡುವವಳು. ಕಪಾಟಿಗೆ ತೂಗುಹಾಕಿದ ಬಿನ್ ಕಾರ್ಡನ್ನು, ಎಂದರೆ ಸರಕಿನ ಬಂದುಹೋದ ಜಾತಕವನ್ನು, ಓದಿದಳು.

"ಇದು ಬಂದದ್ದಷ್ಟ ಅದ, ಹೋದದ್ದ ಇಲ್ಲಲ್ರೀ ಚನ್ನವೀರಪ್ಪನವರ. ಚೀಟಿ ಹಚ್ಚೂಣೇನು?"

ಚನ್ನವೀರಪ್ಪ ಎದ್ದು ನಿಂತ. ಎಂಟು ದಿಕ್ಕುಗಳೂ ಕಿವಿಗೊಟ್ಟವು. "ಎಲೌ ರಕ್ತಪತ್ರಧಾರಿಣಿ, ನಾನೇ ಲಾರಿಯಿಂದಿಳಿಸಿ ಸಹಿ ಹಾಕಿ ಬರಮಾಡಿಕೊಂಡ ಈ ಶಿಲಾಗರ್ಭನನ್ನು, ಈ ತಂಡುಲಮರ್ದನನನ್ನು, ನನ್ನ ಉಸಿರಿರುವತನಕ ಗುಜರಿಯವರ ತಕ್ಕಡಿ ಮುಟ್ಟಲಾರದು" ಎಂಬ ಭಾವ ಬರುವ ಹಾಗೆ ಅವನು ಅಂದದ್ದಿಷ್ಟು: "ಹಂಗ ಅನಬ್ಯಾಡ್ರಿ ಮೇಡಂ. ಗಟ್ಟಿಮುಟ್ಟ ಐತಿ."

"ಯಾರು ನೋಡ್ಯಾರ? ಪೆಟಗಿನ ಒಡದಿಲ್ಲ. ಚಲೋ ನಡೀತದ ಅಂತ ತೋರಸ್ರಿ, ಆರು ತಿಂಗಳು ಗಡುವು ಬರದು ಹೋಗ್ತೀನಿ."

"ತೋರಸ್ತೇನ್ರಿ. ಇಲ್ಲೇ, ಈಗ."

ಕ್ಷಣಾರ್ಧದಲ್ಲಿ ಪೆಟ್ಟಿಗೆ ಸೀಳಿಹೋಯಿತು, ಥರ್ಮೋಕೋಲಿನ ಹಿಮವೃಷ್ಟಿಯಾಯಿತು. ಹಮಾಲಿ ಮಾಬೂಸಾಬ ಎದುರಿನ ಕಿರಾಣಿ ಅಂಗಡಿಯಿಂದ ಅಕ್ಕಿ, ಉದ್ದಿನಬೇಳೆ ತಂದವನು ತಲೆ ಕೆರೆದುಕೊಂಡ. "ಇವು ನೆನೀಬೇಕಲ್ರಿ, ಯಜಮಾನ್ರ."

ಹೀಗೆ, ಉದ್ದು ನೆನೆಯುವ ತನಕ ಮಹಾಯುದ್ಧವನ್ನು ಮುಂದೂಡಲಾಯಿತು. ಎರಡೂ ಪಕ್ಷದವರು ಒಂದೇ ಮೇಜಿನ ಮೇಲೆ ಬುತ್ತಿ ಬಿಚ್ಚಿದರು. ವೈರಿಯ ಶೇಂಗಾಚಟ್ನಿಯನ್ನು ಚನ್ನವೀರಪ್ಪ ಎರಡು ಸಲ ಬಡಿಸಿಕೊಂಡನೆಂಬುದು ಅವನ ಕೀರ್ತಿಗೆ ಕುಂದಲ್ಲ.

ಮಧ್ಯಾಹ್ನ ಇಳಿದ ಮೇಲೆ ಗುಂಡಿ ಒತ್ತಿದರು. ಪ್ರಳಯಕಾಲದ ಮೇಘದಂತೆ ಗರ್ಜಿಸುತ್ತ, ಕಲ್ಲಿಗೆ ಕಲ್ಲು ತೀಡುತ್ತ, ಕ್ಷೀರಸಾಗರವನ್ನೇ ನಾಚಿಸುವ ನೊರೆಯೆಬ್ಬಿಸುತ್ತ ಬದನೆಬಣ್ಣದ ವೀರ ತಿರುಗಿದ. ಹಿಟ್ಟು ಉಕ್ಕಿತು. ಚನ್ನವೀರಪ್ಪನ ಮೀಸೆಗೂ ಒಂದು ಹನಿ ಹಾರಿತು, ಅವನು ಒರೆಸಿಕೊಳ್ಳಲಿಲ್ಲ.

ಪ್ರಭಾವತಿ ಹಿಟ್ಟನ್ನು ಬೆರಳಿಗೆ ಹಚ್ಚಿ ತಿಕ್ಕಿ ನೋಡಿದಳು. "ಭಾಳ ನುಣ್ಣಗ ಆಗೇದ. ಆದರ, ಇನ್ನ ಇದನ್ನ ಹೊಸಾದು ಅಂತ ಯಾರಿಗೆ ಮಾರ್ತೀರಿ?"

ಹಿಟ್ಟಿನ ಗುಳ್ಳೆಯೊಂದು ಒಡೆದದ್ದೂ ಕೇಳಿಸಿತು.

"ನೀವ ತೋರಸ್ರಿ ಅಂದ್ರಿ."

"ನಡೀತದ ಅಂತ ತೋರಸ್ರಿ ಅಂದೆ. ರುಬ್ರಿ ಅಂದೆನೇನು?"

"ಹಾಂಗಾರ ಶಾಲು, ಮೇಡಂ?" ಈ ಸಲ ಅವನ ಮಾತಿಗೂ ಭಾವಕ್ಕೂ ಅಂತರವೇ ಇರಲಿಲ್ಲ.

ಅವಳು ಕನ್ನಡಕ ಮೇಲೇರಿಸಿದಳು. ತನ್ನ ಚಟ್ನಿ ಮೆಚ್ಚಿದ್ದರ ಋಣವೋ, ದೈವೇಚ್ಛೆಯೋ, ದನಿ ಮೆತ್ತಗಾಯಿತು. "ಡೆಡ್ ಸ್ಟಾಕ್ ಅಲ್ಲ, ಒಪ್ಪೇನಿ. ಮಾರೂ ಮಾಲೂ ಅಲ್ಲ. ಗೋದಾಮಿನ ಬಳಕಿಗೆ ಬೇಕು ಅಂತ ಇಂಡೆಂಟ್ ಬರದ ತಗೋರಿ. ಚೀಟಿ ಹಚ್ಚೂದಿಲ್ಲ."

ಇಡೀ ಆಯುಷ್ಯ ಪರರ ಇಂಡೆಂಟುಗಳಲ್ಲಿ ತಪ್ಪು ಹುಡುಕಿ ಹಿಂದಕ್ಕಟ್ಟಿದ ಆ ಮಹಾನುಭಾವ ಅಂದು ತನಗೆ ತಾನೇ ಸರಕು ಬೇಡುವ ಅರ್ಜಿ ಬರೆದ. ತಾನೇ ಪರಿಶೀಲಿಸಿದ. ಉದ್ದೇಶವೆಂಬಲ್ಲಿ ಬಹಳ ಯೋಚಿಸಿ 'ದೋಸೆ' ಎಂದು ಬರೆದ. ಶಾಲು ಉಳಿಯಿತು.

ಸಂಜೆ, ಪ್ರಭಾವತಿ ಒಂದು ಡಬ್ಬಿ ಹಿಟ್ಟು ತೆಗೆದುಕೊಂಡು ಹೊರಟುಹೋದ ಮೇಲೆ, ಬೀಗದಕೈಗೊಂಚಲಝಣತ್ಕಾರಭೀಷಣನು ಹಿತ್ತಿಲ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಗ್ರೈಂಡರಿನ ಗುಂಡು ತಿಕ್ಕುತ್ತಿದ್ದ.

"ಯಜಮಾನ್ರ, ನಾಳೆ ಚಟ್ನಿನೂ ಇದರಾಗ ರುಬ್ಬಬಹುದೇನ್ರಿ?" ಎಂದ ಮಾಬೂಸಾಬ.

ಚನ್ನವೀರಪ್ಪ ತಲೆಯೆತ್ತಲಿಲ್ಲ. "ಇಂಡೆಂಟ್ ಹಾಕು."