ವೀರಭದ್ರಮ್ಮನ ಅರ್ಧ, ಹಂಪಕ್ಕನ ಮೂರನೇ ಪಾಲು

ಈ ಕತೆಯಲ್ಲಿ ಒಂದಕ್ಷರ ಸುಳ್ಳಿದ್ದರೂ ಸಿರಿಗೇರಿಯ ಬಸ್ಸು ನನ್ನನ್ನು ಕಂಡು ನಿಲ್ಲದೆ ಹೋಗಲಿ. ಅದು ಈಗಲೂ ನಿಲ್ಲುವುದಿಲ್ಲ, ಆದರೆ ಅದಕ್ಕೆ ಕಾರಣ ಬೇರೆ.

ಎಲ್ಲಾ ಶುರುವಾದದ್ದು ಒಂದು ರೊಟ್ಟಿಯಿಂದ. ಎಪ್ಪತ್ಮೂರನೇ ಇಸವಿಯ ಮಾತು. ಸಿರಿಗೇರಿಯ ತುದಿಯಲ್ಲಿದ್ದ ಎರಡು ಕೋಣೆಯ ಶಾಲೆಯಲ್ಲಿ ಮರಿಬಸಪ್ಪ ಮೇಷ್ಟ್ರು ನಾಲ್ಕನೇ ತರಗತಿಗೆ ಆರು ವಾರದಿಂದ ಭಿನ್ನರಾಶಿ ಕಲಿಸುತ್ತಿದ್ದ. ಶುಕ್ರವಾರ ಸಂಜೆ ಕೊನೆಯದಾಗಿ ಒಮ್ಮೆ ಕೇಳಿ ನೋಡಿದ.

"ನಾಕರಾಗ ಒಂದು ಪಾಲು ದೊಡ್ಡದೋ, ಎಂಟರಾಗ ಒಂದು ಪಾಲು ದೊಡ್ಡದೋ?"

"ಎಂಟರಾಗ ಒಂದು ಸಾ...ರ್!" ನಲವತ್ತೆರಡು ಗಂಟಲು ಒಟ್ಟಿಗೆ ಕೂಗಿದವು.

"ಯಾಕ್ರಲೇ?"

"ನಾಕಕ್ಕಿಂತ ಎಂಟು ದೊಡ್ಡದಲ್ರಿ ಸಾರ್!"

ಮೇಷ್ಟ್ರಿಗೆ ಪಾಪ ಹುಡುಗರು ತನಗೇ ಬುದ್ಧಿ ಹೇಳುತ್ತಿದ್ದಾರೆ ಅನ್ನಿಸಿತು. ಬೋರ್ಡಿನ ಮೇಲೆ ಅವನು ಬರೆದ ಸೀಮೆಸುಣ್ಣದ ವೃತ್ತಗಳು ತೂತು ಬಿದ್ದ ಬನಿಯನ್ನಿನ ಹಾಗೆ ಕಾಣುತ್ತಿದ್ದವು. ಅವುಗಳಲ್ಲಿ ಯಾವುದನ್ನು ಎಷ್ಟು ಪಾಲು ಮಾಡಿದರೂ ಮಕ್ಕಳಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹೊಟ್ಟೆಗೆ ಹತ್ತದ ಲೆಕ್ಕ ತಲೆಗೆ ಹೇಗೆ ಹತ್ತಬೇಕು? ಆಗ ಅವನಿಗೆ ಆ ಯೋಚನೆ ಹೊಳೆಯಿತು.

"ನಾಳೆ ಬರುವಾಗ ಎಲ್ಲಾರೂ ಮನಿಯಿಂದ ಒಂದೊಂದು ರೊಟ್ಟಿ ತರ್ರಿ."

ಅವನಿಗೆ ಅವಸರವಿತ್ತು. ಮರುದಿನ ಶನಿವಾರ ಬೆಳಿಗ್ಗೆ ಸ್ಕೂಲ್ ಇನ್ಸ್‌ಪೆಕ್ಟರ್ ಹೊನ್ನೂರಪ್ಪನವರು ತಪಾಸಣೆಗೆ ಬರುವವರಿದ್ದರು. ಅವರಿಗೆ ಭಿನ್ನರಾಶಿಯ ಹುಚ್ಚು. ಮರಿಬಸಪ್ಪನ ವರ್ಗಾವಣೆಯ ಅರ್ಜಿ ಅವರ ಚೀಲದಲ್ಲೇ ಇತ್ತು. ಮದುವೆಯಾಗಿ ಮೂರು ವರ್ಷ. ಹೆಂಡತಿ ಚನ್ನವೀರಮ್ಮ ಬಳ್ಳಾರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು, ಕಂಟೋನ್ಮೆಂಟಿನಲ್ಲಿ ಒಂದು ಕೋಣೆ ಹಿಡಿದಿದ್ದಳು. ಊರಿನ ಎಲ್ಲರನ್ನೂ ಎಲ್ಲರಿಗೂ ಜೋಡಿಸಿ ಮಾತಾಡಿಸುವ ಅವಳಿಗೆ ತನ್ನ ಗಂಡನನ್ನು ಮಾತ್ರ ಜೋಡಿಸಿಕೊಳ್ಳಲು ಆಗಿರಲಿಲ್ಲ. ಶನಿವಾರ ಸಂಜೆಯ ಬಸ್ಸಿಗೆ ಅವನು ಬಳ್ಳಾರಿಗೆ ಹೋದರೆ ಸೋಮವಾರ ಮೊದಲ ಬಸ್ಸಿಗೆ ವಾಪಸ್ಸು. ಹೋದ ವಾರ ಅವಳು ತಣ್ಣಗೆ ಹೇಳಿದ್ದಳು: "ಮುಂದಿನ ಸಲ ಬಳ್ಳಾರಿಗೆ ಹಾಕ್ಯಾರಂತ ಸುದ್ದಿ ತಗೊಂಡು ಬರ್ರಿ. ಇಲ್ಲಾಂದ್ರ ನಾನು ಶನಿವಾರ, ಭಾನುವಾರ ಡ್ಯೂಟಿ ಹಾಕಿಸ್ಕೊಂತೀನಿ."

ಮಕ್ಕಳು ಮನೆಗೆ ಹೋಗಿ "ಮೇಷ್ಟ್ರಿಗೆ ರೊಟ್ಟಿ ಬೇಕಂತ" ಎಂದಿಷ್ಟೇ ಹೇಳಿದರು. ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ಉಳಿದದ್ದನ್ನು ಸೇರಿಸಿಕೊಂಡಿತ್ತು. ಮರಿಬಸಪ್ಪ ಇನ್ನೂ ಮುಖಕ್ಕೆ ನೀರು ಹಾಕಿರಲಿಲ್ಲ, ಮನೆಯ ಒಡತಿ ವೀರಭದ್ರಮ್ಮ ಬಾಗಿಲಲ್ಲಿ ನಿಂತಿದ್ದಳು.

"ಏನ್ರೀ ಮೇಷ್ಟ್ರೇ, ನನ್ನ ಮನ್ಯಾಗ ಬಾಡಿಗಿ ಇದ್ದುಕೊಂಡು ಊರ ತುಂಬ ರೊಟ್ಟಿ ಬೇಡೀರಂತಲ್ಲ? ನಾನೇನು ಸತ್ತೀನೇನು?"

"ತಿನ್ನಾಕ ಅಲ್ರೆವ್ವಾ, ಕಲಿಸಾಕ."

"ಹುಡುಗೂರಿಗೆ ರೊಟ್ಟಿ ತಟ್ಟೂದು ಕಲಿಸ್ತೀರಾ? ನಿಮಗ ಬರತೈತಾ ಮೊದಲು?"

ಎದುರು ಮನೆಯ ಗಂಗಕ್ಕ ಗೋಡೆಯ ಮೇಲಿಂದ ಕತ್ತು ಚಾಚಿದಳು. "ಸುಮ್ನಿರವ್ವಾ, ಪಾಪ. ಬಳ್ಳಾರಿ ಹೆಂಡ್ತಿ ಬಿಟ್ಟಾಳಂತ. ಬಾಯಿ ಬಿಟ್ಟು ಹೇಳಾಕ ಆಗವಲ್ದು ಅವರಿಗೆ."

"ಯಾರು ಹೇಳಿದ್ರು ನಿಮಗ?" ಮರಿಬಸಪ್ಪ ಬೆಚ್ಚಿದ.

"ಯಾರು ಹೇಳಬೇಕು? ಹೆಂಡ್ತಿ ಇದ್ದಾವ್ರು ರೊಟ್ಟಿ ಬೇಡತಾರೇನು?"

ಅವನು ಮುಖಕ್ಕೆ ನೀರು ಹಾಕಿಕೊಂಡು ಶಾಲೆಗೆ ಹೊರಟ.

ನಲವತ್ತೆರಡು ಮಕ್ಕಳು, ಅರವತ್ತೊಂದು ರೊಟ್ಟಿ. ಜೊತೆಗೆ ಶೇಂಗಾ ಚಟ್ನಿ, ಪುಂಡಿಸೊಪ್ಪಿನ ಪಲ್ಯ, ಒಬ್ಬರ ಮನೆಯಿಂದ ಗಟ್ಟಿ ಮೊಸರು. ಹೆಡ್ಮಾಸ್ತರು ತಿಪ್ಪೇರುದ್ರಪ್ಪ ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದರು. ಮೂಗು ಮುಂದೆ, ತಾವು ಹಿಂದೆ ಎಂಬಂತೆ ಒಳಗೆ ಬಂದರು. "ಇದೇನ್ರಿ, ಸಾಲಿಯೋ ಖಾನಾವಳಿಯೋ?" ಎಂದವರು ಚಟ್ನಿಯ ಪಕ್ಕದ ಕುರ್ಚಿಯಲ್ಲೇ ಕೂತರು. "ನಡೀಲಿ, ನಡೀಲಿ. ನಾ ನೋಡಾಕ ಬಂದೀನಿ ಅಷ್ಟ."

ಮರಿಬಸಪ್ಪ ವೀರಭದ್ರಮ್ಮನ ಮೊಮ್ಮಗ ಚಿನ್ನಪ್ಪನ ಕೈಯಿಂದ ಒಂದು ರೊಟ್ಟಿ ತಗೊಂಡ. ವೀರಭದ್ರಮ್ಮನ ರೊಟ್ಟಿ ಎಂದರೆ ಊರಿಗೇ ಹೆಸರು. ಅಂಗೈಯಗಲ, ತೆಳ್ಳಗೆ, ಆಚೆ ನಿಂತವರ ಮುಖ ಅದರಲ್ಲಿ ಕಾಣಬೇಕು. ಅದನ್ನು ಅರ್ಧಕ್ಕೆ ಹರಿದ. ಆಮೇಲೆ ಮುಂದಿನ ಸಾಲಿನಲ್ಲಿದ್ದ ಹಂಪಕ್ಕನ ರೊಟ್ಟಿ ತಗೊಂಡ. ಅವಳ ಅವ್ವ ಊರಾಚೆಯ ಕೇರಿಯಿಂದ ಹೊಲದ ಕೂಲಿಗೆ ಹೋಗುವವಳು, ಒಂದು ತಟ್ಟಿದರೆ ಇಬ್ಬರಿಗೆ ಮಧ್ಯಾಹ್ನ ದಾಟಬೇಕು. ಗಾಡಿಯ ಗಾಲಿಯಂತಿದ್ದ ಅದನ್ನು ಮೂರು ಪಾಲು ಮಾಡಿದ. ಒಂದು ಕೈಯಲ್ಲಿ ಅರ್ಧ, ಇನ್ನೊಂದು ಕೈಯಲ್ಲಿ ಮೂರನೇ ಒಂದು ಪಾಲು ಎತ್ತಿ ಹಿಡಿದು ಗೆದ್ದವನ ಹಾಗೆ ಕೇಳಿದ:

"ಈಗ ಹೇಳ್ರಿ, ಯಾವುದು ದೊಡ್ಡದು?"

"ಹಂಪಕ್ಕಂದು ಸಾ...ರ್!"

ಮೇಷ್ಟ್ರು ತನ್ನ ಎರಡೂ ಕೈ ನೋಡಿಕೊಂಡ. ಹುಡುಗರು ಸುಳ್ಳು ಹೇಳಿರಲಿಲ್ಲ. ಮೂರನೇ ಒಂದು ಪಾಲು ಅರ್ಧಕ್ಕಿಂತ ಎರಡು ಬೆರಳು ಅಗಲವಿತ್ತು. ಆರು ವಾರದಲ್ಲಿ ಮೊದಲ ಬಾರಿ ಇಡೀ ತರಗತಿ ಕಣ್ಣಾರೆ ಕಂಡು ಕಲಿತಿತ್ತು, ಕಲಿತದ್ದು ಪೂರ್ತಿ ತಪ್ಪು.

ಅವನು ಬಾಯಿ ತೆರೆಯುವ ಮೊದಲೇ ಚಿನ್ನಪ್ಪ ಎದ್ದು ಮನೆಗೆ ಓಡಿದ್ದ. ಐದು ನಿಮಿಷದಲ್ಲಿ ವೀರಭದ್ರಮ್ಮನ ದನಿ ಬೀದಿಯ ಆ ತುದಿಯಿಂದ ಕೇಳಿಸಿತು. "ನನ್ನ ಅರ್ಧ ರೊಟ್ಟಿ ಮಂದೀ ಮನಿ ಮೂರನೇ ಪಾಲಿಗಿಂತ ಸಣ್ಣದಂತ ಹೇಳಿದವ್ರು ಯಾರು?" ಅವಳ ಹಿಂದೆ ಗಂಗಕ್ಕ, ಗಂಗಕ್ಕನ ಹಿಂದೆ ಕೆಲಸವಿಲ್ಲದ ನಾಲ್ಕೈದು ಹೆಂಗಸರು.

ಆಗಲೇ ಬಸ್ಸಿಳಿದಿದ್ದ ಇನ್ಸ್‌ಪೆಕ್ಟರ್ ಹೊನ್ನೂರಪ್ಪನವರಿಗೆ ಈ ಮೆರವಣಿಗೆ ಎದುರಾಯಿತು. ತಮ್ಮ ಸ್ವಾಗತಕ್ಕೇ ಬಂದದ್ದೆಂದು ತಿಳಿದು ಅವರು ಕೈಮುಗಿದರು.

"ಯಾಕ ಇಷ್ಟೊಂದು ತ್ರಾಸು ತಗೊಂಡ್ರಿ ತಾಯಿ?"

"ತ್ರಾಸು ನನಗಲ್ಲ, ಆ ಮೇಷ್ಟ್ರಿಗೈತಿ ಈಗ," ಎಂದಳು ವೀರಭದ್ರಮ್ಮ, ನಿಲ್ಲದೆ.

ಸಾಹೇಬರು ತರಗತಿಗೆ ಕಾಲಿಟ್ಟಾಗ ಕಂಡದ್ದಿಷ್ಟು: ಬೋರ್ಡಿನ ಮುಂದೆ ಎರಡು ಕೈಯಲ್ಲಿ ರೊಟ್ಟಿ ಹಿಡಿದು ನಿಂತ ಮೇಷ್ಟ್ರು, ಬಾಯಿ ಆಡಿಸುತ್ತಾ ಎದ್ದು ನಿಂತ ಹೆಡ್ಮಾಸ್ತರು, ಸೆರಗು ಸಿಕ್ಕಿಸಿಕೊಂಡ ವೀರಭದ್ರಮ್ಮ. ಮರಿಬಸಪ್ಪನಿಗೆ ಬಳ್ಳಾರಿ ಒಂದೊಂದೇ ಮೈಲಿ ದೂರ ಸರಿಯತೊಡಗಿತು.

"ಏನಿದು?" ಎಂದರು ಸಾಹೇಬರು.

"ಭಿನ್ನರಾಶಿ, ಸಾರ್," ಎಂದ ಮರಿಬಸಪ್ಪ.

"ಅನ್ಯಾಯದ ರಾಶಿ!" ಎಂದಳು ವೀರಭದ್ರಮ್ಮ. "ಸಾಹೇಬ್ರ, ನೀವ ಹೇಳ್ರಿ. ಅರ್ಧ ದೊಡ್ಡದೋ, ಮೂರನೇ ಪಾಲು ದೊಡ್ಡದೋ?"

"ಅರ್ಧ."

"ಕೇಳಿದ್ರೇನು? ಸರಕಾರನ ಹೇಳ್ತು!"

"ಮತ್ತ ನೋಡಿದ್ರ ಹಂಗ ಕಾಣವಲ್ದಲ್ಲ?" ಎಂದಳು ಗಂಗಕ್ಕ, ಬೆಂಕಿಗೆ ಪುಳ್ಳೆ ಹಾಕುವ ಧಾಟಿಯಲ್ಲಿ.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆ ಗದ್ದಲದ ನಡುವೆ ಮುಂದಿನ ಸಾಲಿನಿಂದ ಹಂಪಕ್ಕ ಎದ್ದಳು. ಒಂಬತ್ತು ವರ್ಷದ ಹುಡುಗಿ. ವರ್ಷವಿಡೀ ಅವಳು ಬಾಯಿ ಬಿಟ್ಟದ್ದು ಹಾಜರಿಗೆ ಮಾತ್ರ.

"ಅಜ್ಜೀದೂ ತಪ್ಪಲ್ಲ, ನಮ್ಮವ್ವಂದೂ ತಪ್ಪಲ್ಲ ಸಾರ್. ಅಜ್ಜಿ ಅರ್ಧ ಅಜ್ಜಿ ರೊಟ್ಟೀದು. ನಮ್ಮದು ನಮ್ಮ ರೊಟ್ಟೀದು. ಎರಡು ರೊಟ್ಟಿ ಒಂದ ಅಳತಿ ಇರಬೇಕು. ಆಮ್ಯಾಲ ಹರದು ನೋಡಬೇಕು."

ಮರಿಬಸಪ್ಪ ಆರು ವಾರದಲ್ಲಿ ಒಮ್ಮೆಯೂ ಹೇಳದೆ ಬಿಟ್ಟಿದ್ದ ಮಾತು ಅದೊಂದೇ.

ಹೊನ್ನೂರಪ್ಪನವರ ಕಣ್ಣು ಸಣ್ಣಗಾದವು. ಚೀಲದಿಂದ ತಮ್ಮ ಊಟದ ಡಬ್ಬಿ ತೆಗೆದು, ಅದರ ಮುಚ್ಚಳ ಕೊಟ್ಟರು. "ತಗೋ. ಇದ ಅಳತಿ." ವೀರಭದ್ರಮ್ಮನದು ಒಂದು, ಹಂಪಕ್ಕನದು ಒಂದು, ಹರಿದ ತುಂಡುಗಳನ್ನು ಮತ್ತೆ ಜೋಡಿಸಿ ಎರಡೂ ರೊಟ್ಟಿಯ ಮೇಲೆ ಮುಚ್ಚಳವಿಟ್ಟು ಸುತ್ತ ಕತ್ತರಿಸಿದರು. ಹಂಪಕ್ಕನ ರೊಟ್ಟಿಯಿಂದ ಬಂದ ಚೂರನ್ನು ಹೆಡ್ಮಾಸ್ತರು "ಕಸ ಆಗಬಾರದು" ಎಂದು ಬಾಯಿಗೆ ಹಾಕಿಕೊಂಡರು.

"ಈಗ ಅರ್ಧ ದೊಡ್ಡದೈತಿ!" ಮಕ್ಕಳು ಕೂಗಿದರು. ವೀರಭದ್ರಮ್ಮ ಸೆರಗು ಬಿಚ್ಚಿಕೊಂಡಳು.

ಆದರೆ ಸಾಹೇಬರು ಬಿಡುವವರಲ್ಲ. "ಮೂರರಾಗ ಎರಡು ಪಾಲು, ನಾಕರಾಗ ಮೂರು ಪಾಲು. ಯಾವುದು ದೊಡ್ಡದು?"

ಮರಿಬಸಪ್ಪ ಕಣ್ಣು ಮುಚ್ಚಿಕೊಂಡ. ಇದು ಐದನೇ ತರಗತಿಯ ಲೆಕ್ಕ.

ಹಂಪಕ್ಕ ಸ್ವಲ್ಪ ಹೊತ್ತು ಎರಡು ರೊಟ್ಟಿಗಳನ್ನೇ ನೋಡಿದಳು. "ನಾಕರಾಗ ಮೂರು ಸಾರ್."

"ಹೆಂಗ?"

"ಅದ್ರಾಗ ಒಂದು ಕಾಲು ತಿಂದಾರ. ಇದ್ರಾಗ ಒಂದು ಮೂರನೇ ಪಾಲು ತಿಂದಾರ. ಮೂರು ಮಂದಿ ಹಂಚಿಕೊಂಡ್ರ ತುಂಡು ದೊಡ್ಡದು, ನಾಕ ಮಂದಿ ಅಂದ್ರ ಸಣ್ಣದು. ಸಣ್ಣ ತುಂಡು ತಿಂದದ್ರಾಗ ಜಾಸ್ತಿ ಉಳಿತೈತಿ."

"ಬಾಯಿಮಾತು ಬ್ಯಾಡ, ಎಣಿಸಿ ತೋರಿಸ್ರಿ!" ಎಂದಳು ಗಂಗಕ್ಕ. ಅವಳಿಗೆ ಈಗ ಲೆಕ್ಕದಲ್ಲಿ ನಿಜವಾಗಿಯೂ ಆಸಕ್ತಿ ಹುಟ್ಟಿತ್ತು. ಮರಿಬಸಪ್ಪ ಅದೇ ಮುಚ್ಚಳದಿಂದ ಇನ್ನೆರಡು ರೊಟ್ಟಿ ಕತ್ತರಿಸಿ, ಒಂದೊಂದನ್ನೂ ಹನ್ನೆರಡು ತುಂಡು ಮಾಡಿದ. ಹನ್ನೆರಡನ್ನು ಮೂರರಿಂದಲೂ ಭಾಗಿಸಬಹುದು, ನಾಲ್ಕರಿಂದಲೂ ಭಾಗಿಸಬಹುದು ಎಂದು ವಿವರಿಸುವಾಗ ಅವನ ದನಿಗೆ ಜೀವ ಬಂದಿತ್ತು. ಮೂರರಲ್ಲಿ ಎರಡು ಪಾಲು ಈ ತಟ್ಟೆಗೆ, ನಾಲ್ಕರಲ್ಲಿ ಮೂರು ಪಾಲು ಆ ತಟ್ಟೆಗೆ.

ಗಂಗಕ್ಕ ಎಣಿಸಿದಳು. "ಇದ್ರಾಗ ಎಂಟು." ಇನ್ನೊಂದು ತಟ್ಟೆ ಎಳೆದುಕೊಂಡಳು. "ಇದ್ರಾಗೂ... ಎಂಟು. ಎರಡೂ ಸಮ ಅದಾವು ಸಾಹೇಬ್ರ!"

ಸಾಹೇಬರು ತಾವೇ ಎಣಿಸಿದರು. ಎಂಟು. ಗಣಿತಶಾಸ್ತ್ರವೇ ಸಿರಿಗೇರಿಯಲ್ಲಿ ಕುಸಿದು ಬಿದ್ದಂತಾಯಿತು.

"ಸಾರ್," ಎಂದಳು ಹಂಪಕ್ಕ, ಕೈ ತೋರಿಸಿ. "ಒಂಬತ್ತನೇದು ಹೆಡ್ಮಾಸ್ತರ ಬಾಯಾಗೈತಿ."

ತಿಪ್ಪೇರುದ್ರಪ್ಪನವರ ದವಡೆ ಅಲ್ಲೇ ನಿಂತಿತು. ನುಂಗಿದರೆ ಸಾಕ್ಷ್ಯನಾಶ, ಉಗುಳಿದರೆ ಮರ್ಯಾದೆನಾಶ. ಅವರು ಬಹಳ ನಿಧಾನವಾಗಿ ಮೂರು ಸಲ ತಲೆಯಾಡಿಸಿದರು. ಹೌದು ಎಂದಾಯಿತು.

ಹೊನ್ನೂರಪ್ಪನವರು ನಕ್ಕ ನಗೆಗೆ ಪಕ್ಕದ ಕೋಣೆಯ ಒಂದನೇ ತರಗತಿ ಶಾಲೆ ಬಿಟ್ಟಿತೆಂದು ತಿಳಿದು ಮನೆಗೆ ಹೋಯಿತು.

ಆಮೇಲೆ ತಪಾಸಣೆ ಊಟವಾಯಿತು. ಅಷ್ಟು ಹರಿದು, ಕತ್ತರಿಸಿ, ಬೆರೆಸಿದ ಮೇಲೆ ಯಾವ ತುಂಡು ಯಾವ ಕೇರಿಯದೆಂದು ಯಾರಿಗೂ ಗುರುತು ಸಿಗುತ್ತಿರಲಿಲ್ಲ. ವೀರಭದ್ರಮ್ಮ ಒಂದು ಚೂರು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹಂಪಕ್ಕ ಅವಳನ್ನೇ ನೋಡುತ್ತಿದ್ದಳು.

"ಏನ್ ನೋಡಾಕತ್ತೀ?" ಎಂದು ಗದರಿಸಿ ಮುದುಕಿ ಅದನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. "ಯಾರ ಮನೀದರ ಇರಲಿ, ಚಲೋ ತಟ್ಟ್ಯಾರ."

ಸಾಹೇಬರು ಕೈತೊಳೆದು ಸಂದರ್ಶನ ಪುಸ್ತಕ ತರಿಸಿದರು.

"ನಿಮ್ಮ ಅರ್ಜಿ ನೋಡೀನಿ ಮೇಷ್ಟ್ರೇ. ಆದ್ರ ಇಂಥ ಕಲಿಸೋರನ್ನ ಒಂದ ಊರಿಗೆ ಕೊಟ್ಟುಬಿಡೂದು ಅನ್ಯಾಯ. ಕುರುಗೋಡಿನ ಕಡೆ ಮೇಷ್ಟ್ರಿಲ್ಲದ ಒಂದು ಸಾಲಿ ಐತಿ. ಅವರಿಗೂ ಪಾಲು ಬೇಕು. ಹಂಗಂತ ಬಳ್ಳಾರಿ ಮರತೀನಿ ಅನ್ಕೋಬ್ಯಾಡ್ರಿ." ಎಂದು ಲೆಕ್ಕದ ಹುಚ್ಚಿನಲ್ಲೇ ಬರೆದರು: 'ಸದರಿ ಉಪಾಧ್ಯಾಯರ ಸೇವೆಯ ಏಳರಲ್ಲಿ ಮೂರು ಪಾಲು ಸಿರಿಗೇರಿಗೆ, ಏಳರಲ್ಲಿ ಮೂರು ಪಾಲು ಕುರುಗೋಡಿಗೆ, ಉಳಿದ ಏಳರಲ್ಲಿ ಒಂದು ಪಾಲು ಬಳ್ಳಾರಿಗೆ.' ಕೆಳಗೆ ಹಸಿರು ಶಾಯಿಯ ಸಹಿ.

"ಬಳ್ಳಾರಿ ಸಿಕ್ತಲ್ರೀ!" ಹೆಡ್ಮಾಸ್ತರು ಬೆನ್ನು ತಟ್ಟಿದರು.

"ಏಳರಾಗ ಒಂದು ಅಂದ್ರ ಭಾಳ ಕಮ್ಮಿ ಆತಲ್ಲ?" ಎಂದಳು ಗಂಗಕ್ಕ, ಹೊಸದಾಗಿ ಕಲಿತ ಉತ್ಸಾಹದಲ್ಲಿ.

"ಇಷ್ಟು ದಿನ ಸೊನ್ನಿ ಇತ್ತವ್ವಾ," ಎಂದ ಮರಿಬಸಪ್ಪ. "ಸೊನ್ನಿಗಿಂತ ದೊಡ್ಡದು."

ಸಂಜೆಯ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತು ಸಿಳ್ಳೆ ಹಾಕಿದ. ಬಳ್ಳಾರಿಯಲ್ಲಿ ಇಳಿದು ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡ. ಕಂಟೋನ್ಮೆಂಟಿನ ಕೋಣೆಯ ಮೆಟ್ಟಿಲನ್ನು ಎರಡೆರಡೇ ಹತ್ತಿದ. ಚನ್ನವೀರಮ್ಮ ಕಟ್ಟೆಯ ಮೇಲೆ ಕೂತಿದ್ದಳು.

"ಆತು!" ಎಂದ. "ಸಾಹೇಬ್ರು ಬರದ ಕೊಟ್ರು. ಬಳ್ಳಾರಿಗೆ ಹಾಕ್ಯಾರ!"

ಅವಳ ಮುಖ ಅರಳಿತು. "ಖರೇನಾ? ಎಂದಿನಿಂದ?"

"ಸೋಮವಾರದಿಂದನ ಶುರು. ಪೂರ್ತಿ ಅಲ್ಲ, ಪಾಲು. ಏಳರಾಗ ಮೂರು ಸಿರಿಗೇರಿ, ಮೂರು ಕುರುಗೋಡು, ಒಂದು ಇಲ್ಲಿ."

ಎಕ್ಸ್‌ಚೇಂಜಿನ ಡ್ಯೂಟಿ ಪಟ್ಟಿ ಬರೆಯುವವಳೇ ಅವಳು. ಬೆರಳು ಮಡಚತೊಡಗಿದಳು. "ಸೋಮ, ಮಂಗಳ, ಬುಧ, ಸಿರಿಗೇರಿ. ಗುರು, ಶುಕ್ರ, ಶನಿ, ಕುರುಗೋಡು." ಆರು ಬೆರಳು ಮಡಚಿದವು. ಏಳನೆಯದು ನೆಟ್ಟಗೆ ನಿಂತಿತು. ಇಬ್ಬರೂ ಅದನ್ನೇ ನೋಡಿದರು.

"ಭಾನುವಾರ," ಎಂದಳು ಚನ್ನವೀರಮ್ಮ. "ಭಾನುವಾರ ಯಾವ ಸಾಲಿ ತಗದಿರ್ತೈತ್ರೀ ಬಳ್ಳಾರ್ಯಾಗ?"

ಮರಿಬಸಪ್ಪ ಮೇಷ್ಟ್ರಲ್ಲವೇ, ಜೇಬಿನಿಂದ ಸೀಮೆಸುಣ್ಣ ತೆಗೆದು ಕಟ್ಟೆಯ ಮೇಲೇ ಒಂದು ವೃತ್ತ ಬರೆದ.

"ಹಂಗಲ್ಲ, ತಿಳಕೋ. ಮೊದಲು ನಾ ಬರ್ತಿದ್ದದ್ದು ರಜಾದಾಗ. ಈಗ ಬರೂದು ಸರಕಾರಿ ಡ್ಯೂಟಿ ಮ್ಯಾಲ. ಇನ್ನೊಂದು ಮಾತು. ಏಳರಾಗ ಒಂದು ಸಣ್ಣದಂತ ನಿನಗ ಕಾಣತೈತಿ, ಆದ್ರ ಎಂಟರಾಗ ಒಂದಕ್ಕ ಹೋಲಿಸಿ ನೋಡು..."

ಚನ್ನವೀರಮ್ಮ ತುಟಿ ಕಚ್ಚಿ ನಗು ತಡೆದುಕೊಂಡು ಮಿರ್ಚಿಯ ಪೊಟ್ಟಣ ಎತ್ತಿಕೊಂಡಳು.

"...ವಾರಕ್ಕ ಎಂಟು ದಿನ ಇದ್ದಿದ್ರ ನಮ್ಮ ಗತಿ ಏನಾಗಿರ್ತಿತ್ತು ವಿಚಾರ ಮಾಡು! ದೇವ್ರು ದೊಡ್ಡಾವ, ಏಳ ಇಟ್ಟಾನ. ಹಂಗಾಗಿ ನಮ್ಮ ಪಾಲು ಎಷ್ಟರ ಮಟ್ಟಿಗೆ ದೊಡ್ಡದಾತು ಅಂದ್ರ, ಐವತ್ತಾರು ತುಂಡಿನಾಗ ನಮಗ ಏಳಲ್ಲ, ಎಂಟು ಬರ್ತಾವು, ಅಂದ್ರ ಬರೋಬ್ಬರಿ ಒಂದು ತುಂಡು ಜಾಸ್ತಿ, ಆ ಒಂದು ತುಂಡು ಏನೈತಲ್ಲ, ಅದನ್ನ ತಗೊಂಡು ನಾವು..."

ಅವಳು ಎದ್ದು ಒಳಗೆ ಹೋದಳು.