ಕಣ್ಣು ಪ್ರತ್ಯೇಕವಾಗಿ ಬರಲಿದೆ

ನಗರ ಸೌಕರ್ಯ ಇಲಾಖೆಯ ಅಹವಾಲು ಕಿಟಕಿಯಿಂದ ಕಳೆದ ವರ್ಷ ಯಾವೊಬ್ಬ ನಾಗರಿಕನೂ ಬರಿಗೈಯಲ್ಲಿ ಹಿಂದಿರುಗಿಲ್ಲ. ಇದು ಇಲಾಖೆಯ ವಾರ್ಷಿಕ ವರದಿಯ ಮೊದಲ ವಾಕ್ಯ, ಮತ್ತು ಅಕ್ಷರಶಃ ಸತ್ಯ. ಕೈಯಲ್ಲಿ ಏನು ಹಿಡಿದುಕೊಂಡು ಹಿಂದಿರುಗಿದರು ಎಂಬುದು ಎರಡನೆಯ ವಾಕ್ಯದಲ್ಲಿ ಬರಬೇಕಿತ್ತು. ಜಾಗ ಸಾಲದ್ದರಿಂದ ಬಂದಿಲ್ಲ.

ಆ ಕಿಟಕಿಯ ಒಳಗೆ ಕೂರುವ ಹೆಂಗಸನ್ನು ಸಾಹೇಬರಿಂದ ಹಿಡಿದು ಜವಾನನವರೆಗೆ ಎಲ್ಲರೂ ಕಿಟಕಿ ಅಕ್ಕ ಎನ್ನುತ್ತಿದ್ದರು. ಅವಳ ಗಂಡನೂ ಅದೇ ಇಲಾಖೆಯವನೇ. ಆದರೆ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ದೂರದ ಪಂಪ್‌ಹೌಸಿನಲ್ಲಿ. ಮಗಳು ತೊಟ್ಟಿಲಲ್ಲಿದ್ದಾಗ ಹೋದವನು. ಮಗಳೀಗ ಮಗ್ಗಿ ಹೇಳುತ್ತಾಳೆ. ಅವನನ್ನು ಈ ಊರಿಗೆ ವರ್ಗ ಮಾಡಿ ಎಂದು ಅಕ್ಕ ಹಾಕಿದ ಅರ್ಜಿ ಅವಳದೇ ಕಿಟಕಿಯ ತಟ್ಟೆಯಲ್ಲಿತ್ತು. ನಿಯಮದ ಪ್ರಕಾರ ಅರ್ಜಿದಾರರು ಆಗಾಗ ಬಂದು ವಿಚಾರಿಸಬೇಕು. ಆದ್ದರಿಂದ ಅವಳು ಊಟದ ಬಿಡುವಿನಲ್ಲಿ ಹೊರಗೆ ಬಂದು ಕಿಟಕಿಯೆದುರು ನಿಂತು, ಖಾಲಿ ಕುರ್ಚಿಯನ್ನು ನೋಡಿ, ಮತ್ತೆ ಒಳಗೆ ಹೋಗಿ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಮೊಹರು ಒತ್ತುತ್ತಿದ್ದಳು. ಅವಳ ಮೇಲೆ ಅವಳಿಗೇ ಸಿಟ್ಟು ಬರುತ್ತಿರಲಿಲ್ಲ. ಮೊಹರು ಒತ್ತುವವರ ಕಷ್ಟ ಅವಳಿಗೆ ಗೊತ್ತಿತ್ತು.

ಅವಳಿಗೆ ಇದ್ದದ್ದು ಒಂದೇ ಚಟ, ಕ್ರೋಶಾ. ಕೊಕ್ಕೆ ಮೂತಿಯ ಒಂದು ಕಡ್ಡಿ, ಒಂದು ಉಂಡೆ ಉಲ್ಲನ್ ದಾರ. ಕುಣಿಕೆಗೆ ಕುಣಿಕೆ ಪೋಣಿಸುತ್ತಾ ಸುತ್ತು ಸುತ್ತಾಗಿ ಹೋದರೆ ಒಂದು ತಲೆ, ಹಾಗೇ ಮುಂದುವರಿದರೆ ಒಂದು ಹೊಟ್ಟೆ, ಒಳಗೆ ಹತ್ತಿ ತುಂಬಿದರೆ ಅಂಗೈಯಲ್ಲಿ ಕೂರುವ ಒಂದು ಪುಟ್ಟ ಜೀವ. ಮೊಟ್ಟಮೊದಲು ಮಾಡಿದ್ದು ಮಗಳಿಗೊಂದು ಅಪ್ಪ. ಮೀಸೆಗೆ ಕಪ್ಪು ದಾರ, ಕಣ್ಣಿಗೆ ಗಂಡನ ಹಳೇ ಅಂಗಿಯ ಗುಂಡಿ. ಮಗಳು ಅದನ್ನು ಊಟದ ತಟ್ಟೆಯ ಪಕ್ಕ ಕೂರಿಸಿಕೊಂಡು, “ಅಪ್ಪಾ, ಮಾತಾಡದೆ ತಿನ್ನು” ಅಂತ ಗದರುತ್ತಿದ್ದಳು. ಅಪ್ಪ ಮಾತಾಡುತ್ತಿರಲಿಲ್ಲ.

ಒಂದು ದಿನ ನಲ್ಲಿ ಸಂಪರ್ಕಕ್ಕೆ ಅಲೆದು ಸಾಕಾಗಿದ್ದ ಒಬ್ಬ ತಾಯಿ ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಕಿಟಕಿಗೆ ಬಂದಳು. ಕೂಸು ಕಟ್ಟಡ ಹಾರಿಹೋಗುವಂತೆ ಕಿರುಚುತ್ತಿತ್ತು. ಅಕ್ಕ ಮೇಜಿನ ಕೆಳಗಿಂದ ಆಗಷ್ಟೇ ಮುಗಿಸಿದ ಮೊಲವೊಂದನ್ನು ತೆಗೆದು ಕೊಟ್ಟಳು. ಕೂಸು ನಕ್ಕಿತು. ಕೂಸು ನಕ್ಕಿದ್ದು ನೋಡಿ ತಾಯಿ ನಕ್ಕಳು. ನಗುತ್ತಾ ನಲ್ಲಿಯ ವಿಷಯ ಮರೆತು ಹೊರಟೇಹೋದಳು.

ಗಾಜಿನ ಕೋಣೆಯಿಂದ ಇದನ್ನೆಲ್ಲ ನೋಡಿದ ಸಾಹೇಬರು ಅಕ್ಕನನ್ನು ಕರೆಸಿದರು. ಬೈಗುಳ ಖಾತ್ರಿ ಎಂದುಕೊಂಡು ಅವಳು ಕಡ್ಡಿಯನ್ನು ಜಡೆಯೊಳಗೆ ಬಚ್ಚಿಟ್ಟುಕೊಂಡು ಹೋದಳು.

“ಆಯಮ್ಮ ಏನು ಕೇಳೋಕೆ ಬಂದಿದ್ದು?”

“ನಲ್ಲಿ, ಸಾರ್.”

“ಏನು ತಗೊಂಡು ಹೋದರು?”

“ಮೊಲ, ಸಾರ್.”

“ನಗ್ತಾ ಹೋದರಲ್ವಾ?”

“ಹೌದು, ಸಾರ್.”

ಸಾಹೇಬರು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿದರು. “ಈ ಕಟ್ಟಡ ಕಟ್ಟಿದಾಗಿನಿಂದ ಇಲ್ಲಿಂದ ಯಾರೂ ನಗ್ತಾ ಹೋಗಿಲ್ಲ ಕಣಮ್ಮ. ನೀರು ಬಂದವರೂ ನಗ್ತಾ ಹೋಗಿಲ್ಲ. ನಕ್ಕರು ಅಂದ್ರೆ ಕೆಲಸ ಆಯ್ತು ಅಂತಲೇ ಲೆಕ್ಕ. ಪೈಪಿಗಿಂತ ದಾರ ಅಗ್ಗ. ರಸ್ತೆ ಅಗೆಯೋದೂ ಬೇಡ.”

ವಾರ ಕಳೆಯುವುದರೊಳಗೆ ಸೂಚನಾ ಫಲಕದ ಮೇಲೆ ಪ್ರಕಟಣೆ ಬಂತು.

‘ಸಾರ್ವಜನಿಕರ ಗಮನಕ್ಕೆ. ಇತ್ಯರ್ಥವಾಗದ ಅಹವಾಲುಗಳಿಗೆ ಇನ್ನು ಮುಂದೆ ಸಾಂತ್ವನ ಗೊಂಬೆ ನೀಡಲಾಗುವುದು. ಬಾಕಿ ಒಂದು ವರ್ಷದೊಳಗಿದ್ದರೆ ಮೊಲ. ಒಂದು ವರ್ಷ ಮೀರಿದ್ದರೆ ಕರಡಿ. ಐದು ವರ್ಷ ಮೀರಿದ್ದರೆ ಆನೆ. ಅಹವಾಲುದಾರರು ಕಾಯುವ ಅವಧಿಯಲ್ಲಿ ತೀರಿಕೊಂಡಿದ್ದಲ್ಲಿ ಕಾನೂನುಬದ್ಧ ವಾರಸುದಾರರಿಗೆ ಆಮೆ. ಒಂದು ಅಹವಾಲಿಗೆ ಒಂದೇ ಪ್ರಾಣಿ. ಬಣ್ಣದ ಬಗ್ಗೆ ತಕರಾರು ಸ್ವೀಕರಿಸುವುದಿಲ್ಲ.’

ಜನ ಗಲಾಟೆ ಮಾಡುತ್ತಾರೇನೋ ಎಂದು ಬಾಗಿಲಲ್ಲಿ ಇಬ್ಬರು ಕಾವಲುಗಾರರನ್ನು ನಿಲ್ಲಿಸಲಾಗಿತ್ತು. ಅವರು ಮಾಡಬೇಕಾಗಿ ಬಂದ ಕೆಲಸವೆಂದರೆ ಸಾಲು ಸರಿಪಡಿಸುವುದು. ಎದುರು ಬೀದಿಯ ದರ್ಜಿಯೇ ಎಲ್ಲರಿಗಿಂತ ಮುಂದೆ. ಅವನ ಅಂಗಡಿಯ ಬಾಗಿಲಲ್ಲೇ ಚರಂಡಿಯ ಮುಚ್ಚಳ ಮುರಿದು ಗುಂಡಿ ಬಾಯಿ ತೆರೆದುಕೊಂಡಿತ್ತು. ಅಳತೆ ಕೊಡಲು ಬಂದವರು ಗುಂಡಿಗೆ ಬಿದ್ದು, ಎದ್ದ ಮೇಲೆ ಬೇರೆಯದೇ ಅಳತೆ ಕೊಡುತ್ತಿದ್ದರು.

“ನಿಮ್ಮದು ನಾಲ್ಕೂ ಮುಕ್ಕಾಲು ವರ್ಷ ಆಗಿದೆ ಅಣ್ಣ, ಕರಡಿ ಬರುತ್ತೆ” ಎಂದಳು ಅಕ್ಕ.

ದರ್ಜಿ ಕಿಟಕಿಯೊಳಗೆ ಅರ್ಧ ತೂರಿಕೊಂಡು ದನಿ ತಗ್ಗಿಸಿದ. “ಅಕ್ಕಾ, ನಿಮ್ಮ ದಮ್ಮಯ್ಯ, ಇನ್ನು ಮೂರು ತಿಂಗಳು ಗುಂಡಿ ಮುಚ್ಚೋಕೆ ಯಾರನ್ನೂ ಕಳಿಸಬೇಡಿ. ಪಕ್ಕದ ಕ್ಷೌರದಂಗಡಿಯವನಿಗೆ ಆನೆ ಬರುತ್ತಂತೆ. ನನ್ನ ಹೆಂಡತಿ ಎದುರು ನಾನು ತಲೆ ಎತ್ತೋದು ಹೇಗೆ?”

ಇಲಾಖೆ ಅವನ ಕೋರಿಕೆಯನ್ನು ತಕ್ಷಣ ಮನ್ನಿಸಿತು. ಇಲಾಖೆಯ ಚರಿತ್ರೆಯಲ್ಲಿ ಅಂದಿನ ದಿನವೇ ಇತ್ಯರ್ಥವಾದ ಮೊದಲ ಕೋರಿಕೆ ಅದು.

ಬೇಡಿಕೆ ಏರಿತು. ಅಕ್ಕ ಕಿಟಕಿಯಲ್ಲಿ ಕೂತು ಆನೆ ಹೆಣೆದಳು, ಬಸ್ಸಿನಲ್ಲಿ ನಿಂತು ಸೊಂಡಿಲು ಹೆಣೆದಳು, ಮನೆಯಲ್ಲಿ ಅನ್ನಕ್ಕಿಟ್ಟು ಕಿವಿ ಹೆಣೆದಳು. ಮಗಳು ಹತ್ತಿ ತುಂಬಿದಳು. ಅಕ್ಕನ ಬೆರಳು ಜಡ್ಡುಗಟ್ಟಿತು. ಅವಳು ಗೊಣಗಲಿಲ್ಲ, ಯಾಕೆಂದರೆ ಸಾಹೇಬರು ಒಂದು ಮಾತು ಕೊಟ್ಟಿದ್ದರು: “ನಿಮ್ಮ ಯಜಮಾನರ ವರ್ಗಾವಣೆ ನನ್ನ ತಲೆಯಲ್ಲೇ ಇದೆ. ಈ ಆನೆಗಳು ಒಂದು ಮುಗೀಲಿ.”

ಅಷ್ಟರಲ್ಲಿ ಕಣ್ಣಿನ ಸಮಸ್ಯೆ ಎದುರಾಯಿತು. ಅಲ್ಲಿಯವರೆಗೆ ಅಕ್ಕ ತನ್ನ ಕೈದುಡ್ಡಿನಿಂದಲೇ ಕಪ್ಪು ಪ್ಲಾಸ್ಟಿಕ್ ಕಣ್ಣು ತಂದು ಹಾಕುತ್ತಿದ್ದಳು. ಯೋಜನೆ ಅಧಿಕೃತವಾದ ಮೇಲೆ ಕಣ್ಣನ್ನು ಖರೀದಿ ವಿಭಾಗವೇ ಕೊಳ್ಳಬೇಕೆಂದಾಯಿತು. ಟೆಂಡರ್ ಕರೆದರು. ಮೊಲದ ಕಣ್ಣೂ ಆನೆಯ ಕಣ್ಣೂ ಒಂದೇ ಗಾತ್ರವಿರಬೇಕೋ ಬೇಡವೋ ಎಂಬ ಪ್ರಶ್ನೆಯ ಮೇಲೆ ಟೆಂಡರ್ ಅಲ್ಲಿಗೇ ನಿಂತಿತು.

“ಕಣ್ಣು ಬರೋ ತನಕ ಕಾಯೋಕಾಗಲ್ಲ. ಕಣ್ಣಿಲ್ಲದೇ ತಲೆ ಮುಚ್ಚಿ ಕೊಡ್ತಾ ಹೋಗಿ” ಎಂದರು ಸಾಹೇಬರು.

“ಸಾರ್, ಈ ಕಣ್ಣಿಗೆ ಹಿಂದೆ ಕಡ್ಡಿ ಇರುತ್ತೆ. ತಲೆಯ ಒಳಗಿಂದ ಅದಕ್ಕೆ ಬಿಲ್ಲೆ ಒತ್ತಬೇಕು. ಮುಚ್ಚಿದ ಮೇಲೆ ಕೂರಲ್ಲ.”

“ಯಾವತ್ತೂ ಕೂರಲ್ವಾ?”

“ತಲೆ ಬಿಚ್ಚಿದರೆ ಕೂರುತ್ತೆ. ಇಲ್ಲಾಂದ್ರೆ ದಾರದಲ್ಲೇ ಕಣ್ಣು ಹೊಲಿದುಬಿಡ್ತೀನಿ, ಸಾರ್. ಎರಡು ನಿಮಿಷದ ಕೆಲಸ.”

“ಆಮೇಲೆ ತರಿಸಿದ ಕಣ್ಣು ಏನು ಮಾಡೋದಮ್ಮ? ಆಡಿಟ್‌ನವರು ನನ್ನ ಕಣ್ಣು ಕೀಳ್ತಾರೆ. ನೀವು ಮುಚ್ಚಿ. ಬಿಚ್ಚೋದಕ್ಕೆ ಮುಂದೆ ಬೇರೆ ಮಂಜೂರಾತಿ ತಗೊಳ್ಳೋಣ.”

ಹೀಗೆ ಪ್ರತಿ ಗೊಂಬೆಯ ಕೊರಳಿಗೂ ಒಂದು ಚೀಟಿ ಬಂತು: ‘ಕಣ್ಣು ಪ್ರತ್ಯೇಕವಾಗಿ ಬರಲಿದೆ.’

ಈ ಚೀಟಿಯಿಂದ ಇಲಾಖೆಗಾದ ಉಪಕಾರ ಅಷ್ಟಿಷ್ಟಲ್ಲ. ಜನ ನಲ್ಲಿ, ಚರಂಡಿ, ಬೀದಿದೀಪಗಳನ್ನು ಬಿಟ್ಟು ಕಣ್ಣು ಕೇಳಿಕೊಂಡು ಬರತೊಡಗಿದರು. ದರ್ಜಿಯೂ ಬಂದ. ಅವನಿಗೆ ಆನೆ ಸಿಕ್ಕಿತ್ತು. ಹಣೆಯ ಮೇಲೆ ಒಂದು ಹೊಸ ಪಟ್ಟಿಯೂ ಇತ್ತು.

“ಗುಂಡಿಗೆ ಬಿದ್ರಾ ಅಣ್ಣ?”

“ಅದು ಬಿಡಿ, ಅದು ದಿನಾ ಇದ್ದದ್ದೇ. ಆನೆಗೆ ಕಣ್ಣು ಯಾವಾಗ? ಮನೇಲಿ ಮಕ್ಕಳು ಅಳ್ತಾವೆ.”

“ಅರ್ಜಿ ಕೊಡಿ. ಸದ್ಯಕ್ಕೆ ಇದೊಂದು ಮೊಲ ಇಟ್ಕೊಳ್ಳಿ.”

“ಇದಕ್ಕೂ ಕಣ್ಣಿಲ್ಲವಲ್ಲ?”

“ಅದಕ್ಕೆ ಬೇರೆ ಅರ್ಜಿ, ಅಣ್ಣ.”

ಮಳೆಗಾಲ ಕಳೆದು ಕಣ್ಣು ಬಂತು, ಮೂಟೆಗಟ್ಟಲೆ. ಅಷ್ಟು ಹೊತ್ತಿಗೆ ಊರಲ್ಲಿ ತೆರೆದಿರುವ ತಲೆ ಒಂದೂ ಉಳಿದಿರಲಿಲ್ಲ. ಕಣ್ಣುಗಳನ್ನು ಕಬ್ಬಿಣದ ಬೀರುವಿನಲ್ಲಿ ತುಂಬಿಟ್ಟರು. ಬಾಗಿಲು ತೆಗೆದಾಗಲೆಲ್ಲ ಅವು ಒಟ್ಟಿಗೆ ತನ್ನನ್ನೇ ನೋಡುತ್ತವೆಂದು ಜವಾನ ಬೀಗದ ಕೈಯನ್ನು ವಾಪಸು ಕೊಟ್ಟುಬಿಟ್ಟ.

ಆ ದಿನಗಳಲ್ಲೇ ಮೇಲಿನ ಕಚೇರಿಯಿಂದ ಒಂದು ವಿಶೇಷ ಬೇಡಿಕೆ ಬಂತು. ದೂರದ ಶಾಖೆಯ ಯಾರೋ ನೌಕರನಿಗೆ ಸಾಂತ್ವನವಂತೆ. ಪ್ರಾಣಿಯಲ್ಲ, ಮನುಷ್ಯರು. ಹೆಂಗಸು ಒಂದು, ಸಾಧಾರಣ ಮೈಕಟ್ಟು, ಜಡೆ. ಹುಡುಗಿ ಒಂದು, ಎರಡು ಜುಟ್ಟು.

“ಇದೊಂದು ಮಾಡಿಕೊಡಿ. ನಿಮ್ಮ ಅರ್ಜಿ ಮುಂದಿನ ವಾರ ಇತ್ಯರ್ಥ. ನಾನೇ ಖುದ್ದಾಗಿ ಬರೆದಿದೀನಿ” ಎಂದರು ಸಾಹೇಬರು.

ಅಕ್ಕ ಮನೆಗೆ ಹಾರಿಕೊಂಡೇ ಬಂದಳು. ಹೆಂಗಸನ್ನು ಹೆಣೆಯುವಾಗ ಒಂದೇ ಒಂದು ಸಲ, ಪಾಪ, ಯಾರ ಮನೆಯ ಸಂಕಟವೋ ಅನ್ನಿಸಿತು. ಕರಡಿಗಳಿಗೆ ಸುರಿದು ಕಪ್ಪು ದಾರ ಮುಗಿಯುತ್ತಾ ಬಂದಿತ್ತು. ಯಾರೋ ಏನೋ, ಜಡೆ ಗಿಡ್ಡವಾದರೆ ಕೇಳುವವರು ಯಾರು ಎಂದು ಕುತ್ತಿಗೆಯ ಹತ್ತಿರಕ್ಕೇ ಗಂಟು ಹಾಕಿದಳು. ಬೀರುವಿನ ಕಣ್ಣು ಹೊರತೆಗೆಯಲು ಮಂಜೂರಾತಿ ಇನ್ನೂ ಬಂದಿರಲಿಲ್ಲ, ಹಾಗಾಗಿ ಕಣ್ಣಿಲ್ಲದೇ ತಲೆ ಮುಚ್ಚಿದಳು. ಚೀಟಿ ಕಟ್ಟಿದಳು. ಆಮೇಲೆ ಗಂಡನ ದಿಂಬಿಗೆ ಹೊಸ ಗವಸು ಹಾಕಿ, ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಮಗಳ ಚೀಲ ತೆಗೆದು ಅವನ ಅಂಗಿಗೆ ಜಾಗ ಮಾಡಿದಳು.

ಆ ವಾರದಲ್ಲೇ ಒಂದು ಸಂಜೆ ಜವಾನ ಮನೆಗೆ ಬಂದ. “ಸುಮ್ನೆ ಹೀಗೇ ಬಂದೆ ಅಕ್ಕ” ಅಂತ ಟೀ ಕುಡಿದ. ಮಗಳ ಪಕ್ಕ ಕೂತಿದ್ದ ಮೀಸೆಯ ಗೊಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಇದು ಯಾರು ಪುಟ್ಟಿ?” “ನಮ್ಮಪ್ಪ.” “ದಿನಾ ಮನೇಲೇ ಇರ್ತಾರಾ?” “ಎಲ್ಲೂ ಹೋಗಲ್ಲ.” ಜವಾನ ತಲೆಯಾಡಿಸಿ ಹೊರಟ.

ಮುಂದಿನ ವಾರ ಇತ್ಯರ್ಥದ ಆದೇಶ ಬಂತು. ಅರ್ಜಿದಾರರನ್ನು ಹೊರಗೆ ನಿಲ್ಲಿಸಿ ಕಿಟಕಿಯಿಂದಲೇ ಕೊಡಬೇಕೆಂಬುದು ನಿಯಮ. ಅಕ್ಕ ಹೊರಗೆ ಸಾಲಿನಲ್ಲಿ ನಿಂತಳು. ಒಳಗೆ ಅವಳ ಕುರ್ಚಿಯಲ್ಲಿ ಕೂತ ಜವಾನ ಗಂಟಲು ಸರಿಪಡಿಸಿಕೊಂಡು ಓದಿದ.

‘ಅರ್ಜಿದಾರರ ಮನೆಯಲ್ಲಿ ಪತಿಯ ಗೊಂಬೆ ಈಗಾಗಲೇ ಖಾಯಂ ಆಗಿ ವಾಸವಿರುವುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ. ಪತಿಯವರಿಗೆ ಒಂದು ಪತ್ನಿ, ಒಂದು ಪುತ್ರಿಯನ್ನು ರವಾನಿಸಲಾಗಿದೆ. ಎರಡೂ ಸ್ಥಳಗಳಲ್ಲಿ ಕುಟುಂಬವು ಪೂರ್ಣಗೊಂಡಿರುವುದರಿಂದ ಅರ್ಜಿಯನ್ನು ಸಹಾನುಭೂತಿಪೂರ್ವಕವಾಗಿ ಮುಕ್ತಾಯಗೊಳಿಸಲಾಗಿದೆ. ಪತಿಯ ಗೊಂಬೆಗೆ ಇಲಾಖೆಯ ಅನುಮತಿಯಿಲ್ಲದೆ ಕಣ್ಣು ಅಳವಡಿಸಿರುವುದನ್ನು ಈ ಬಾರಿಗೆ ಮನ್ನಿಸಲಾಗಿದೆ.’

ಅಕ್ಕ ಸರಳಿನ ಸಂದಿಯಿಂದ ಕೈ ತೂರಿಸಿ ಆದೇಶ ಈಸಿಕೊಂಡಳು. ಹಿಂದಿನಿಂದ ದರ್ಜಿ, “ಏನು ಬಂತು ಅಕ್ಕ, ಆನೆನಾ?” ಎಂದ.

“ಇಲ್ಲ ಅಣ್ಣ. ನಮ್ಮನೆಯವರು.”

“ಅದೃಷ್ಟವಂತರು ಬಿಡಿ” ಎಂದ ದರ್ಜಿ. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಭಾನುವಾರ ಸಂಜೆ ಗಂಡನ ಫೋನು ಬಂತು.

“ಬಂದ್ರಿ ಕಣೇ, ನೀವಿಬ್ಬರೂ. ನಿನ್ನೆ ಪಾರ್ಸೆಲಲ್ಲಿ. ಸಹಿ ಹಾಕಿ ಇಳಿಸಿಕೊಂಡೆ.”

“ಚೆನ್ನಾಗಿದೀವಾ?”

“ಚೆನ್ನಾಗಿದೀರಿ. ಜಡೆ ಯಾಕೆ ಅಷ್ಟು ಗಿಡ್ಡ?”

“ದಾರ ಮುಗಿದಿತ್ತು ರೀ. ನಾನು ಅಂತ ಗೊತ್ತಿದ್ದರೆ ಇನ್ನೊಂದು ಉಂಡೆ ತರಿಸ್ತಿದ್ದೆ.”

ಆ ಕಡೆ ಪಂಪು ಗುಂಯ್‌ಗುಡುವ ಸದ್ದು ಕೇಳುತ್ತಿತ್ತು.

“ಕಿಟಕೀಲಿ ಕೂರಿಸಿದೀನಿ. ಆದರೆ ಇಬ್ಬರಿಗೂ ಕಣ್ಣಿಲ್ಲ ಕಣೇ. ನಾನು ಇಲ್ಲೇ ನಿಂತಿದ್ರೂ ನೋಡಲ್ಲ.”

“ಕೊರಳಲ್ಲಿ ಚೀಟಿ ಇದೆ ನೋಡಿ. ಕಣ್ಣು ಬಂದಿದೆ, ಬೀರುವಿನಲ್ಲಿದೆ.”

“ಹಾಗಾದ್ರೆ ಒಂದು ಅರ್ಜಿ ಹಾಕಿಬಿಡ್ಲಾ?”

“ಹಾಕಿ. ಈಗಲೇ ಹಾಕಿದರೆ ಮೊಲ ಬರುತ್ತೆ. ತಡೆದರೆ ಕರಡಿ.”

ಮಗಳು ಮೀಸೆಯ ಅಪ್ಪನನ್ನು ಕಂಕುಳಲ್ಲಿ ಇರುಕಿಕೊಂಡು ಫೋನಿನ ಹತ್ತಿರ ಬಾಯಿ ತಂದಳು.

“ಆನೆ ಬರೋ ತನಕ ಕಾಯೋಕೆ ಹೇಳಮ್ಮ.”